ಹೆದರಿಸುವವರ ಸಮ್ಮೇಳನ ಮತ್ತು ತಂಗಿಯ ಮದುವೆ

ಕತ್ತಲೆಯ ಕೋಣೆಗೆ ಕಾಲಿಡುವ ಮೊದಲು ನಾನು ಒಮ್ಮೆ ಕೆಮ್ಮುತ್ತೇನೆ. ಕಫವಿಲ್ಲ, ಗಂಟಲು ಕೆರೆತವಿಲ್ಲ, ಆದರೂ ಕೆಮ್ಮುತ್ತೇನೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಶುಂಠಿ ಕಷಾಯ ಮಾಡಿಕೊಟ್ಟಳು. ಆಮೇಲೆ ಇದು ರೋಗವಲ್ಲ, ಚಾಳಿ ಎಂದು ತಿಳಿದು ಕಷಾಯ ನಿಲ್ಲಿಸಿದಳು. ಈಗ ಮೊಮ್ಮಗಳು ಅದನ್ನು ಅನುಕರಿಸಿ ಮನೆಯವರನ್ನೆಲ್ಲ ನಗಿಸುತ್ತಾಳೆ.

ಈ ಕೆಮ್ಮು ಅಮ್ಮ ಕಲಿಸಿದ್ದು. ನಮ್ಮದು ವಾಮದಪದವಿನಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿದ್ದ ಸಣ್ಣ ಮನೆ. ಸಂಜೆಯ ಮೇಲೆ ಒಳಕೋಣೆಗೆ ಏನಾದರೂ ತರಲು ಹೋದರೆ ಅಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದಳು: "ಸದ್ದು ಮಾಡದೆ ಹೋಗಬೇಡ ಮಗಾ. ಒಳಗೆ ಯಾರಾದರೂ ಇದ್ದರೆ ಪಾಪ, ಗಾಬರಿಯಾಗ್ತಾರೆ." ಯಾರಾದರೂ ಎಂದರೆ ಮನೆಯಲ್ಲಿ ತೀರಿಕೊಂಡವರು. ತುಳುವಿನಲ್ಲಿ ಅವರಿಗೆ ಕುಲೆ ಎನ್ನುತ್ತೇವೆ. ಪ್ರೇತ ಎಂದಾಗ ಬರುವ ನಡುಕ ಕುಲೆ ಎಂದಾಗ ಬರುವುದಿಲ್ಲ. ಬಿಸಿನೀರನ್ನು ಅಂಗಳಕ್ಕೆ ಚೆಲ್ಲುವಾಗಲೂ ಅಮ್ಮ "ಸ್ವಲ್ಪ ಆಚೆ ಹೋಗಿ" ಎಂದು ಹೇಳಿಯೇ ಚೆಲ್ಲುತ್ತಿದ್ದಳು. ನಮ್ಮ ಮನೆಯಲ್ಲಿ ಬದುಕಿದ್ದವರು ಸತ್ತವರಿಗೆ ಹೆದರುತ್ತಿರಲಿಲ್ಲ. ಸತ್ತವರು ಹೆದರಿಕೊಂಡಾರು ಎಂಬುದೇ ನಮ್ಮ ಚಿಂತೆಯಾಗಿತ್ತು.

ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು ದೆವ್ವದ ಕಾದಂಬರಿಕಾರನಾದದ್ದು ವಿಧಿಯ ತಮಾಷೆ. ಬಂಟ್ವಾಳ ಪೇಟೆಯ ಒಂದು ಅಕ್ಕಿ ಮಿಲ್ಲಿನಲ್ಲಿ ನಾನು ಗುಮಾಸ್ತನಾಗಿದ್ದೆ. ಮಧ್ಯಾಹ್ನ ಮಿಲ್ಲು ನಿಂತಾಗ ತೌಡಿನ ವಾಸನೆಯ ನಡುವೆ ಕೂತು ಬರೆಯುತ್ತಿದ್ದೆ. ಬೆಂಗಳೂರಿನ ಒಬ್ಬ ಪ್ರಕಾಶಕರು ತಿಂಗಳಿಗೊಂದು ಭಯಾನಕ ಕಾದಂಬರಿ ಹೊರತರುತ್ತಿದ್ದ ಕಾಲ ಅದು. ಅವರು ನನ್ನ ಹೆಸರಿನಲ್ಲಿ ಯಾವ ಭಯವೂ ಇಲ್ಲವೆಂದು 'ನಿಶಾಚರ' ಎಂಬ ಹೆಸರಿಟ್ಟರು. ಕತೆಯಲ್ಲಿ ಹೆಂಗಸು ಇರಲಿ ಬಿಡಲಿ, ರಕ್ಷಾಪುಟದಲ್ಲಿ ಕೂದಲು ಬಿಚ್ಚಿದ ಹೆಂಗಸೊಬ್ಬಳು ಇರಲೇಬೇಕಿತ್ತು. ಒಮ್ಮೆ ನಾನು ಗಡ್ಡದ ಮುದುಕನ ದೆವ್ವವನ್ನು ಬರೆದಾಗಲೂ ಅವಳೇ ಬಂದಳು.

ಅಮ್ಮ ಮೂರನೆಯ ಕ್ಲಾಸಿನವರೆಗೆ ಓದಿದವಳು. ಸಾಲಿನ ಕೆಳಗೆ ಬೆರಳು ಸರಿಸುತ್ತ, ತುಟಿ ಅಲ್ಲಾಡಿಸುತ್ತ, ನನ್ನ ಒಂದು ಕಾದಂಬರಿಯನ್ನು ಓದಿ ಮುಗಿಸಲು ಅವಳಿಗೆ ಇಡೀ ಬೇಸಿಗೆ ಬೇಕಾಯಿತು. ಹಾಳುಬಿದ್ದ ಬಂಗಲೆಯಲ್ಲಿ ಸತ್ತ ಹುಡುಗಿಯೊಬ್ಬಳು ಬಂದವರ ಕತ್ತು ಹಿಚುಕುವ ಕತೆ ಅದು. ಹೇಗಿತ್ತು ಎಂದು ಕೇಳಿದೆ. ಅಮ್ಮ ಪುಸ್ತಕ ಮಡಚಿ ಕೇಳಿದಳು: "ಆ ಮಗುವಿಗೆ ಊಟ ಹಾಕುವವರು ಯಾರೂ ಇರಲಿಲ್ಲವಾ?"

ಅಂಥ ವಿಮರ್ಶೆ ನನಗೆ ಮತ್ತೆ ಸಿಗಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಮೂಡಬಿದ್ರೆಯಿಂದ ಒಂದು ಆಮಂತ್ರಣ ಬಂತು. ಅಲ್ಲಿ ಬಟ್ಟೆ ಅಂಗಡಿಯ ಜೊತೆಗೆ ಬಾಡಿಗೆ ಪುಸ್ತಕಗಳ ಲೈಬ್ರರಿಯನ್ನೂ ಇಟ್ಟುಕೊಂಡಿದ್ದ ಪದ್ಮಯ್ಯ ಎಂಬ ಜೈನ ವ್ಯಾಪಾರಿಗಳು ನಮ್ಮಂಥವರ ಪುಸ್ತಕಗಳನ್ನು ಬಿಡದೆ ಓದುತ್ತಿದ್ದರು. ನಾಡಿನ ಭಯಾನಕ ಕಾದಂಬರಿಕಾರರನ್ನೆಲ್ಲ ಒಮ್ಮೆ ಒಟ್ಟಿಗೆ ಕೂರಿಸಿ ನೋಡಬೇಕೆಂಬುದು ಅವರ ಆಸೆ. ಶನಿವಾರ, ಭಾನುವಾರ ಸಮ್ಮೇಳನ, ಅವರ ಖರ್ಚಿನಲ್ಲೇ ಊಟ ವಸತಿ. ಯಾರಿಗೂ ನನ್ನನ್ನು ಸಾಹಿತಿ ಎಂದು ಕರೆದು ಅಭ್ಯಾಸವಿರಲಿಲ್ಲ. ನಾನು ಆ ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಓಡಾಡಿದೆ.

ತೊಂದರೆ ಏನೆಂದರೆ ಅದೇ ಭಾನುವಾರ ನನ್ನ ತಂಗಿಯ ಮದುವೆ ನಿಶ್ಚಯವಾಗಿತ್ತು.

ತಂಗಿ ಸರಸ್ವತಿ, ನಮಗೆಲ್ಲ ಸರು, ನನಗಿಂತ ಮೂರು ವರ್ಷ ಚಿಕ್ಕವಳು. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ನಾನು ಮೂವತ್ತರ ಹತ್ತಿರ ಬಂದರೂ ನನಗೆ ಹೆಣ್ಣು ಕೂಡಿಬರುತ್ತಿರಲಿಲ್ಲ. ಬಂದ ಸಂಬಂಧಗಳೆಲ್ಲ ಕೊನೆಗಳಿಗೆಯಲ್ಲಿ ತಪ್ಪಿಹೋಗುತ್ತಿದ್ದವು. ದೆವ್ವದ ಕತೆ ಬರೆಯುವ ಗುಮಾಸ್ತನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಪ್ರಶ್ನೆ ಇಟ್ಟು ನೋಡಿದ ಜೋಯಿಸರು ಬೇರೆಯೇ ಹೇಳಿದರು: ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಕುಲೆ ಇದ್ದಾಳೆ, ಅವಳದಾಗದೆ ಇವನದಾಗುವುದಿಲ್ಲ. ಅಮ್ಮ ಅದನ್ನು ಕೇಳಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಅವಳಿಗೂ ವಯಸ್ಸಾಯಿತಲ್ಲ. ನಾನು ಲೆಕ್ಕವೇ ಇಡಲಿಲ್ಲ."

ಸೋದರಮಾವ ಗಂಡು ಹುಡುಕಲು ಹೊರಟರು. ಕೊನೆಗೆ ಅಳದಂಗಡಿಯಲ್ಲಿ ಒಂದು ಮನೆ ಸಿಕ್ಕಿತು. ಅಲ್ಲಿಯ ಕಮಲಕ್ಕ ಎಂಬವರ ಮಗ ಶೇಖರ ಚಿಕ್ಕಂದಿನಲ್ಲೇ ತೀರಿಕೊಂಡಿದ್ದ. ಇದ್ದಿದ್ದರೆ ನನ್ನ ಪ್ರಾಯದವನು. ಎರಡು ಕಡೆಯವರೂ ಕುಲಗೋತ್ರ ನೋಡಿ ಒಪ್ಪಿದರು, ಮದುವೆ ಗಂಡಿನ ಮನೆಯಲ್ಲೇ ಎಂದಾಯಿತು. ಇಂಥ ಮದುವೆ ಆಷಾಢದಲ್ಲೇ ಆಗಬೇಕು, ನಮ್ಮ ಲೆಕ್ಕದ ಆಟಿ ತಿಂಗಳು. ಬದುಕಿದ್ದವರ ಮದುವೆ ಆ ತಿಂಗಳಲ್ಲಿ ಇಲ್ಲವಾದ್ದರಿಂದ ಸತ್ತವರಿಗೆ ಅದನ್ನು ಬಿಟ್ಟುಕೊಟ್ಟಿದ್ದೇವೆ.

ಸಮ್ಮೇಳನಕ್ಕೆ ಹೋಗುವುದಿಲ್ಲ ಎಂದು ಅಮ್ಮನಿಗೆ ಹೇಳಿದೆ. ಅವಳು ಸರುವಿಗಾಗಿ ತಂದ ಹಸಿರು ಸೀರೆಯ ಅಂಚನ್ನು ನೋಡುತ್ತಿದ್ದಳು.

"ನೀನು ಹೋಗು. ಇದ್ದರೂ ನಿನಗೆ ನೋಡ್ಲಿಕ್ಕೆ ಇಲ್ಲ."

"ಯಾಕೆ?"

"ಕುಲೆ ಮದುವೆಯನ್ನು ಮದುವೆಯಾಗದವರು ನೋಡಬಾರದು. ಮಕ್ಕಳು ನೋಡಬಾರದು, ನೀನೂ ನೋಡಬಾರದು. ಅಂಗಳದಲ್ಲಿ ನಿಂತು ಏನು ಮಾಡ್ತಿ? ಸಮ್ಮೇಳನ ಮುಗಿಸಿ ಊಟಕ್ಕೆ ಬಾ."

ಒಬ್ಬಳೇ ತಂಗಿ. ಅವಳ ಮದುವೆಗೆ ನಾನು ಊಟದ ಹೊತ್ತಿನ ನೆಂಟ.

ಮೂಡಬಿದ್ರೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದೆವು. ಪದ್ಮಯ್ಯನವರ ಅಂಗಡಿಯ ಮಹಡಿಯಲ್ಲಿ ಜಮಖಾನ ಹಾಸಿ ಕೂರಿಸಿದ್ದರು. ಕಾಡಿಗೆ ಕಣ್ಣಿನ ಭಯಂಕರರನ್ನು ನಿರೀಕ್ಷಿಸಿದ್ದ ಊರಿನ ಜನ ಕಿಟಕಿಯಲ್ಲಿ ಇಣುಕಿ ನಿರಾಶರಾಗಿ ಹೋದರು. ಒಬ್ಬರು ಹೋಮಿಯೋಪಥಿ ಡಾಕ್ಟರು, ಒಬ್ಬರು ಡ್ರಾಯಿಂಗ್ ಮೇಷ್ಟ್ರು, ಮತ್ತೊಬ್ಬರು ಹಲ್ಲಿ ಕಂಡರೆ ಜಾಗ ಬದಲಿಸುವವರು. ಎಲ್ಲರಿಗಿಂತ ದೊಡ್ಡ ಹೆಸರು 'ರುಧಿರಪ್ರಿಯ' ಎಂಬವರದ್ದು. ಅವರ ಪುಸ್ತಕವನ್ನು ರಾತ್ರಿ ಓದಬಾರದೆಂದು ಪ್ರಕಾಶಕರೇ ಅಚ್ಚು ಹಾಕಿಸುತ್ತಿದ್ದರು. ಅವರ ನಿಜವಾದ ಹೆಸರು ನಂಜುಂಡಯ್ಯ, ಚಿಕ್ಕಮಗಳೂರು ಕಡೆಯ ಪೋಸ್ಟ್ ಮಾಸ್ಟರು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳೆಸಿ, ಕೈಯಲ್ಲಿ ಲಿಂಬೆಹಣ್ಣು ಹಿಡಿದುಕೊಂಡೇ ಮಹಡಿ ಹತ್ತಿ ಬಂದರು.

"ನಿಶಾಚರ ಅಂದ್ರೆ ನೀವೇನಾ?" ಎಂದು ನನ್ನ ಪಕ್ಕದಲ್ಲಿ ಕೂತರು. "ನಾನು ದಪ್ಪ ಮೀಸೆಯವರು ಅಂದ್ಕೊಂಡಿದ್ದೆ."

ಪದ್ಮಯ್ಯನವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಆದ್ದರಿಂದ ನಾಡಿನ ನಿಶಾಚರರೆಲ್ಲ ಹಗಲು ಬೆಳಕಿರುವಾಗಲೇ ರಾತ್ರಿಯ ಊಟ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ ಚಾಪೆಯ ಮೇಲೆ ಸಾಲಾಗಿ ಮಲಗಿದೆವು. ದೀಪ ಪೂರ್ತಿ ಆರಿಸುವುದು ಬೇಡ ಎಂದು ಡಾಕ್ಟರು ಹೇಳಿದಾಗ ಯಾರೂ ವಿರೋಧಿಸಲಿಲ್ಲ.

ಭಾನುವಾರ ಬೆಳಗ್ಗೆ 'ಓದುಗನನ್ನು ಹೆದರಿಸುವುದು ಹೇಗೆ' ಎಂಬ ಗೋಷ್ಠಿ. ಬಾಗಿಲು ಎಷ್ಟು ಹೊತ್ತಿಗೆ ಕಿರುಗುಟ್ಟಬೇಕು, ನಾಯಿ ಯಾವ ಅಧ್ಯಾಯದಲ್ಲಿ ಊಳಿಡಬೇಕು ಎಂದೆಲ್ಲ ಗಂಭೀರವಾಗಿ ಚರ್ಚೆಯಾಯಿತು. ಸತ್ತವರಿಗೆ ಬದುಕಿದ್ದವರ ಮೇಲೆ ಸೇಡಿರಬೇಕು, ಸೇಡಿಲ್ಲದ ದೆವ್ವ ಉಪ್ಪಿಲ್ಲದ ಸಾರು ಎಂದು ಡ್ರಾಯಿಂಗ್ ಮೇಷ್ಟ್ರು ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ನನ್ನ ಸರದಿ ಬಂತು. ನಿಮ್ಮನ್ನು ಮೊದಲು ಹೆದರಿಸಿದ್ದು ಯಾವುದು, ಅದನ್ನು ಹೇಳಿ ಎಂದರು ಪದ್ಮಯ್ಯ.

ಎದ್ದು ನಿಂತೆ. ನೆನಪಾದದ್ದು ಸರು ಒಬ್ಬಳೇ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅವಳು ಬಾಗಿಲ ಹಿಂದೆ ಅಡಗಿ ಕೂರುತ್ತಿದ್ದಳು, ನನ್ನನ್ನು ಹೆದರಿಸಲು. ಆದರೆ ನಾನು ಹೊಸ್ತಿಲು ದಾಟುವ ಮೊದಲೇ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಬಾಗಿಲ ಹಿಂದಿನಿಂದ ಕಿಸಕಿಸ ಕೇಳಿಸುತ್ತಿತ್ತು. ಆದರೂ ನಾನು ಹೆದರಿದಂತೆ ಬೊಬ್ಬೆ ಹಾಕಬೇಕಿತ್ತು, ಇಲ್ಲದಿದ್ದರೆ ಅಳುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮೊದಲ ಸಲ ಶಾಲೆಗೆ ಹೋಗಿ ಬಂದ ದಿನ ನಾನು ಹೊಸ್ತಿಲಲ್ಲೇ ನಿಂತೆ. ಬಾಗಿಲ ಹಿಂದೆ ಯಾವ ಸದ್ದೂ ಇರಲಿಲ್ಲ. ನಿಜವಾಗಿ ಹೆದರಿದ್ದು ಆಗ.

ಇದನ್ನು ಆ ಸಭೆಯಲ್ಲಿ ಹೇಗೆ ಹೇಳುವುದು? "ನನಗೆ ಇವತ್ತು ಬೇಗ ಹೋಗ್ಲಿಕ್ಕೆ ಉಂಟು," ಎಂದೆ. "ತಂಗಿಯ ಮದುವೆ."

ಪದ್ಮಯ್ಯ ಆ ಸೀಮೆಯವರೇ. ಅವರು ಕ್ಯಾಲೆಂಡರಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಮೆಲ್ಲಗೆ "ಆಟಿಯ ಮದುವೆಯಾ?" ಎಂದರು. ಹೌದೆಂದೆ. "ಹಾಗಾದರೆ ಹೋಗಿ. ತಡಮಾಡಬೇಡಿ." ಅಂಗಡಿಗೆ ಇಳಿದು ಹೋಗಿ ಒಂದು ರವಿಕೆ ಕಣ ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ಮದುಮಗಳಿಗೆ ಎಂದರು.

ಬಸ್ ಸ್ಟ್ಯಾಂಡಿನಲ್ಲಿ ನೋಡುತ್ತೇನೆ, ನಂಜುಂಡಯ್ಯನವರು ಕೊಡೆ ಹಿಡಿದು ಹಿಂದೆಯೇ ಬಂದಿದ್ದಾರೆ. ಊರಿಗೆ ಮರಳುವ ದಾರಿ ಅದೇ, ನೀವು ಇಳಿಯುವವರೆಗೆ ಜೊತೆಗಿರುತ್ತೇನೆ ಎಂದರು. ವೇಣೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಕೂತೆವು. ಟಾರ್ಪಾಲಿನ ಸಂದಿಯಿಂದ ಹನಿ ಬೀಳುತ್ತಿತ್ತು. ಆಟಿಯ ಮದುವೆ ಎಂದರೇನು ಎಂದು ಅವರು ಕೇಳಿದರು. ಹೇಳಿದೆ.

ಅವರು ಲಿಂಬೆಹಣ್ಣು ಮೂಸುವುದನ್ನು ನಿಲ್ಲಿಸಿದರು.

"ಸತ್ತೋದ ಮಗೂಗೆ ಮದುವೆ ಮಾಡ್ತೀರಾ?"

"ಮಗು ಅಲ್ಲ ಈಗ. ಇಪ್ಪತ್ತಾರು ಆಯಿತು."

"ಅಂದ್ರೆ, ಅವರು ಬೆಳೀತಾರಾ?"

ಬೆಳೆಯುತ್ತಾರೆ ಎಂದೆ. ಆಟಿಯಲ್ಲಿ ತೀರಿಕೊಂಡವರಿಗೆಲ್ಲ ಎಲೆ ಹಾಕಿ ಬಡಿಸುವಾಗ ಅಮ್ಮ ಸರುವಿಗೆ ಮೊದಮೊದಲು ಸಣ್ಣ ಕುಡಿ ಎಲೆ ಹಾಕುತ್ತಿದ್ದಳು, ಖಾರವಿಲ್ಲದ್ದನ್ನು ಬಡಿಸುತ್ತಿದ್ದಳು. ವರ್ಷ ಹೋದ ಹಾಗೆ ಎಲೆ ದೊಡ್ಡದಾಯಿತು. ಒಂದು ವರ್ಷ "ಇನ್ನು ಅವಳು ಖಾರ ತಿಂತಾಳೆ" ಎಂದು ಕೋಳಿಸಾರನ್ನೂ ಬಡಿಸಿದಳು. ನಾನು ಇದನ್ನೆಲ್ಲ ಹೇಳುತ್ತ ಹೋದೆ. ನಂಜುಂಡಯ್ಯನವರು ಹೊರಗಿನ ಮಳೆ ನೋಡುತ್ತಿದ್ದರು. ಗುರುವಾಯನಕೆರೆಯಲ್ಲಿ ನಾನು ಇಳಿದಾಗ ಅವರೂ ಇಳಿದರು.

"ನಾನೂ ಬರಬಹುದಾ? ನನಗೆ ಮದುವೆ ಆಗಿದೆ," ಎಂದರು. ಪ್ರವೇಶಕ್ಕೆ ಬೇಕಾದ ಅರ್ಹತೆ ಅದೊಂದೇ ಎಂಬುದನ್ನು ಅವರು ಸರಿಯಾಗಿ ತಿಳಿದುಕೊಂಡಿದ್ದರು.

ಅಳದಂಗಡಿ ತಲುಪುವಾಗ ಸಂಜೆಯಾಗುತ್ತ ಬಂದಿತ್ತು. ಕಮಲಕ್ಕನ ಮನೆಯ ಅಂಗಳದಲ್ಲಿ ಸಣ್ಣ ಚಪ್ಪರ, ಮಾವಿನೆಲೆಯ ತೋರಣ. ನೆಂಟರು ನಗುತ್ತ ಮಾತಾಡುತ್ತಿದ್ದರು. ಮದುವೆಮನೆ ಹೇಗಿರುತ್ತದೋ ಹಾಗೆಯೇ ಇತ್ತು. ಅಮ್ಮನಿಗೆ ರವಿಕೆ ಕಣ ಕೊಟ್ಟೆ, ನಂಜುಂಡಯ್ಯನವರನ್ನು ಪರಿಚಯಿಸಿದೆ. ಅವರು ನನಗಿಂತ ದೊಡ್ಡ ದೆವ್ವದ ಕಾದಂಬರಿಕಾರರು ಎಂದಾಗ ಅಮ್ಮ ಅವರನ್ನು ಕನಿಕರದಿಂದ ನೋಡಿದಳು. ಆಮೇಲೆ ಶಾಲೆಯಲ್ಲಿ ಕಲಿತ ಕನ್ನಡವನ್ನು ಒಂದೊಂದೇ ಹೆಕ್ಕಿ, "ಒಳಗೆ ಬನ್ನಿ. ಕೂತುಕೊಂಡು ನೋಡುವ," ಎಂದಳು.

ಒಳಗಿನ ಚಾವಡಿಯ ಬಾಗಿಲು ಮುಚ್ಚಿತು. ಹೊರಗೆ ಉಳಿದವರು ಕೆಲವು ಮಕ್ಕಳು, ಮದುವೆಯಾಗದ ಇಬ್ಬರು ಹುಡುಗಿಯರು, ಮತ್ತು ಮೂವತ್ತು ಮುಟ್ಟುತ್ತಿದ್ದ ನಾನು. ಮಕ್ಕಳು ನನ್ನನ್ನು ತಮ್ಮವನೆಂದು ಒಪ್ಪಿಕೊಂಡು ಗೋಲಿ ಆಡಲು ಕರೆದರು. ನಾನು ಗೋಡೆಗೆ ಒರಗಿ ಕಿವಿಗೊಟ್ಟೆ. ಬಳೆಗಳ ಸದ್ದು. "ಮದುಮಗಳು ಸೀರೆ ಉಟ್ಟಾಗಲಿ, ಸ್ವಲ್ಪ ಕಾಯುವ," ಎಂದು ಯಾರೋ ಹೇಳಿದರು. ಆಮೇಲೆ ತುಂಬ ಹೊತ್ತು ಏನೂ ಕೇಳಿಸಲಿಲ್ಲ. ಒಳಗೆ ಅಷ್ಟು ಜನ, ಒಂದು ಉಸಿರಿನ ಸದ್ದೂ ಇಲ್ಲ. ಸೀರೆ ಉಡುವ ಹುಡುಗಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವರು ಕಾದರು.

ಆ ಹೊತ್ತಿನಲ್ಲಿ ನಾನು ಅವಳ ಮುಖವನ್ನು ಕಲ್ಪಿಸಿಕೊಳ್ಳಲು ನೋಡಿದೆ. ಕಾದಂಬರಿಗಾಗಿ ಎಷ್ಟೋ ಸತ್ತ ಹೆಂಗಸರ ಮುಖ ಬರೆದಿದ್ದೇನೆ: ಹಲ್ಲು, ಕಣ್ಣು, ಹಣೆಯ ಗಾಯ. ಇಪ್ಪತ್ತಾರರ ಸರು ಮಾತ್ರ ಬರಲಿಲ್ಲ. ಹಸಿರು ಸೀರೆಯೊಳಗೆ ಮತ್ತೆ ಮತ್ತೆ ಆ ನಾಲ್ಕು ವರ್ಷದ ಹುಡುಗಿಯೇ ಬಂದು ನಿಲ್ಲುತ್ತಿದ್ದಳು, ಸೀರೆ ಕಾಲಿಗೆ ಸಿಕ್ಕಿ ಎಡವುತ್ತಿದ್ದಳು. ಬಾಗಿಲ ಸಂದಿಯಿಂದ ನೋಡಬಹುದಿತ್ತು. ಎರಡು ಸಲ ಹತ್ತಿರ ಹೋದೆ. ಅವಳ ಮದುವೆಗೆ ನನ್ನಿಂದ ಏನೂ ತೊಡಕಾಗಬಾರದು ಎನಿಸಿ ಹಿಂದೆ ಬಂದೆ.

ಧಾರೆಯ ನೀರು ತಟ್ಟೆಗೆ ಬೀಳುವ ಸದ್ದಾಯಿತು. ಅಮ್ಮ ಅತ್ತಳು. ಅದು ಸಾವಿನ ಅಳುವಲ್ಲ. ಆ ಅಳು ನನಗೆ ಗೊತ್ತಿತ್ತು, ಸರು ಹೋದ ದಿನ ಕೇಳಿದ್ದೆ. ಇದು ಮಗಳನ್ನು ಕಳಿಸಿಕೊಡುವ ತಾಯಂದಿರ ಅಳು.

ಬಾಗಿಲು ತೆರೆದಾಗ ಮೊದಲು ಹೊರಗೆ ಬಂದವರು ನಂಜುಂಡಯ್ಯನವರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

"ಏನು ಕಂಡಿತು?" ಎಂದೆ.

ಇಂಥ ದೃಶ್ಯವನ್ನು ಹತ್ತು ಪುಟ ಬರೆಯಬಲ್ಲವರು ಅವರು. ಈಗ ಕಂಡದ್ದನ್ನು ಒಂದೊಂದಾಗಿ ಎಣಿಸಿದರು. "ಎರಡು ಮಣೆ ಇತ್ತು," ಎಂದರು. "ಒಂದರ ಮೇಲೆ ಪಂಚೆ, ಶಲ್ಯ. ಒಂದರ ಮೇಲೆ ನಿಮ್ಮ ತಂಗಿ ಸೀರೆ. ಮಲ್ಲಿಗೆ ಇಟ್ರು, ಬಳೆ ಇಟ್ರು. ಕರಿಮಣಿ ಇಟ್ರು. ಆ ಮಣೇನ ಇಬ್ಬರು ಹೆಂಗಸರು ಎತ್ಕೊಂಡು ಸುತ್ತು ಬಂದ್ರು. ಹಗುರ ಮಣೆ ಸಾರ್ ಅದು. ಆದ್ರೆ ಭಾರ ಇದ್ದ ಹಾಗೆ ಎತ್ತಿದ್ರು." ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು: "ನಿಮ್ಮ ತಂಗಿ ಲಕ್ಷಣವಾಗಿದ್ರು."

ಅವರು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಘಾಟಿಯ ಮೇಲಿನ ಪೋಸ್ಟ್ ಮಾಸ್ಟರರು ಕಂಡರು, ಅಣ್ಣ ಕಾಣಲಿಲ್ಲ.

ಊಟಕ್ಕೆ ಕೂತೆವು. ಕೋಳಿಸಾರು, ರೊಟ್ಟಿ, ಪಾಯಸ. ಊಟ ಮುಗಿದ ಮೇಲೆ ನಂಜುಂಡಯ್ಯನವರು ಎಲೆಯೆತ್ತುತ್ತಿದ್ದ ಅಮ್ಮನ ಹತ್ತಿರ ಹೋಗಿ ನಿಂತರು.

"ಅಮ್ಮ, ನಮ್ಮ ಕಡೆಯವರಿಗೂ ಇದನ್ನ ಮಾಡಬಹುದಾ?"

ಅಮ್ಮ ಎಲೆ ಕೆಳಗಿಟ್ಟಳು. "ಯಾರು?"

"ಮಗ."

ಸಮ್ಮೇಳನದ ಎರಡು ದಿನವೂ ಅವರು ಈ ಮಾತನ್ನು ಎತ್ತಿರಲಿಲ್ಲ. ಅವರ ಕಾದಂಬರಿಗಳಲ್ಲಿ ಎಲ್ಲ ವಯಸ್ಸಿನ ದೆವ್ವಗಳೂ ಇದ್ದವು, ಸಣ್ಣ ಹುಡುಗನ ದೆವ್ವ ಒಂದೂ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಈಗ ಎಷ್ಟು ಪ್ರಾಯ?" ಅಮ್ಮ ಕೇಳಿದಳು.

ಅವರು ಲೆಕ್ಕ ಹಾಕಿದರು. ಒಂದೊಂದೇ ಬೆರಳು ಮಡಚಿದರು. ಬಹುಶಃ ಮೊದಲ ಸಲ ಲೆಕ್ಕ ಹಾಕುತ್ತಿದ್ದರು. "ಹದಿನೆಂಟು ಆಗಿರತ್ತೆ."

"ಹಾಗಾದರೆ ಅವಸರ ಇಲ್ಲ," ಎಂದಳು ಅಮ್ಮ. "ಹುಡುಗ ಇನ್ನೂ ಸಣ್ಣವ. ನಾಲ್ಕೈದು ವರ್ಷ ಹೋಗಲಿ. ಒಳ್ಳೆ ಹುಡುಗಿ ನಾನು ನೋಡ್ತೇನೆ. ಅಲ್ಲಿಯವರೆಗೆ ಆಟಿಯಲ್ಲಿ ಒಂದು ಎಲೆ ಹಾಕಿ. ಏನು ಇಷ್ಟ ಅವನಿಗೆ?"

"ಒಬ್ಬಟ್ಟು."

"ಅದನ್ನೇ ಹಾಕಿ."

ನಂಜುಂಡಯ್ಯನವರು ಕೈಮುಗಿದರು. ಅಮ್ಮನ ಕೈಯಲ್ಲಿ ಎಂಜಲಿತ್ತು. ಅವಳು ಕೈಮುಗಿಯಲಾರದೆ ತಲೆಬಾಗಿದಳು.

ಅವರ ಆಮೇಲಿನ ಪುಸ್ತಕಗಳಲ್ಲಿ ದೆವ್ವಗಳು ಮೆತ್ತಗಾದವು, ಮಾರಾಟ ಬಿತ್ತು ಎಂದು ಪ್ರಕಾಶಕರು ಗೊಣಗಿದ್ದನ್ನು ಕೇಳಿದ್ದೇನೆ. ನನ್ನದೂ ಅದೇ ಪಾಡು. ಅತ್ತಿಗೆಯ ಅಡುಗೆ ಚೆನ್ನಾಗಿಲ್ಲವೆಂದು ಬೇಸರಪಡುವ ದೆವ್ವವನ್ನು ಬರೆದು ಕಳಿಸಿದೆ, ಹಸ್ತಪ್ರತಿ ಹಿಂದೆ ಬಂತು. ಜೋಯಿಸರು ಹೇಳಿದಂತೆ ಮರುವರ್ಷ ನನಗೆ ಮದುವೆಯೂ ಆಯಿತು. ಅಲ್ಲಿಂದ ಎಷ್ಟು ಕುಲೆ ಮದುವೆಗಳಿಗೆ ಬೇಕಾದರೂ ಹೋಗಿ ಮುಂದಿನ ಸಾಲಿನಲ್ಲಿ ಕೂರಬಹುದಿತ್ತು. ಹೋಗಲಿಲ್ಲ. ನೋಡಬೇಕಿದ್ದದ್ದು ಒಂದೇ, ಅದು ಆಗಿಹೋಗಿತ್ತು.

ನಾನು ಎಣಿಸಿರದ ಸಂಗತಿ ಇನ್ನೊಂದಿತ್ತು. ಮುಂದಿನ ಆಟಿಯಲ್ಲಿ ಅಮ್ಮ ಹಿರಿಯರಿಗೆಲ್ಲ ಬಡಿಸಿ, ಅವರು ಉಣ್ಣಲೆಂದು ಕೋಣೆಯ ಬಾಗಿಲು ಎಳೆದುಕೊಂಡಳು. ಒಂದು ಎಲೆ ಕಡಿಮೆಯಿತ್ತು. "ಸರುವಿಗೆ?" ಎಂದು ಕೇಳಿದೆ.

"ಕೊಟ್ಟ ಹೆಣ್ಣಲ್ಲವಾ," ಎಂದಳು ಅಮ್ಮ. "ಅವಳ ಊಟ ಇನ್ನು ಅಲ್ಲಿ."

ಸತ್ತಾಗಲೂ ಮನೆ ಬಿಟ್ಟುಹೋಗದವಳು ಮದುವೆಯಾಗಿ ಹೋಗಿಬಿಟ್ಟಿದ್ದಳು. ಇಷ್ಟು ವರ್ಷ ನಮ್ಮ ಮನೆಯ ಕತ್ತಲಲ್ಲಿ ಯಾರೋ ಒಬ್ಬಳು ಬೆಳೆಯುತ್ತಿದ್ದಳು. ಈಗ ಆ ಕತ್ತಲು ಬರೀ ಕತ್ತಲಾಗಿತ್ತು. ಹೊಸ ಹೆಂಡತಿ ಮನೆ ತುಂಬಿದ್ದಳು, ನಗುವಿತ್ತು, ಮಾತಿತ್ತು. ಆದರೂ ಆ ಮಳೆಗಾಲವಿಡೀ ನನಗೆ ಮನೆಯಲ್ಲಿ ಯಾರೋ ಇಲ್ಲ ಎನಿಸುತ್ತಲೇ ಇತ್ತು.

ಒಂದು ಭಾನುವಾರ ಯಾರಿಗೂ ಹೇಳದೆ ಅಳದಂಗಡಿಗೆ ಹೋದೆ. ತಂಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಬಂಟ್ವಾಳ ಪೇಟೆಯಲ್ಲಿ ಒಂದು ಚೆಂಡು ಮಲ್ಲಿಗೆ, ಸ್ವಲ್ಪ ಜಿಲೇಬಿ ಕಟ್ಟಿಸಿಕೊಂಡಿದ್ದೆ. ಕಮಲಕ್ಕ ಭತ್ತ ಕೇರುತ್ತಿದ್ದವರು ಎದ್ದು ಬಂದು ಚಾಪೆ ಹಾಸಿದರು, ನೀರು ಬೆಲ್ಲ ತಂದಿಟ್ಟರು. ಮಳೆ, ಬಸ್ಸು, ಅಮ್ಮನ ಮಂಡಿನೋವು ಎಲ್ಲ ಮಾತಾಡಿ ಮುಗಿಯಿತು. ಕೊನೆಗೆ, ಮದುವೆಯಾಗಿ ಹೋದ ತಂಗಿಯ ಮನೆಗೆ ಬಂದ ಅಣ್ಣ ಏನು ಕೇಳುತ್ತಾನೋ ಅದನ್ನೇ ನಾನೂ ಕೇಳಿದೆ.

"ಸರು ಹೇಗಿದ್ದಾಳೆ?"

ಕಮಲಕ್ಕ ನಗಲಿಲ್ಲ. ಮಲ್ಲಿಗೆಯ ಪೊಟ್ಟಣವನ್ನು ಬಿಚ್ಚಿ, ಒಳಕೋಣೆಯ ಕಡೆ ಒಮ್ಮೆ ನೋಡಿದರು.

"ಸುಖದಲ್ಲಿದ್ದಾಳೆ. ಮೊದಲಿಗೆ ತವರಿನ ನೆನಪಾಗಿ ಸ್ವಲ್ಪ ಬೇಜಾರಿತ್ತು ಕಾಣ್ತದೆ. ಈಗ ಹೊಂದಿಕೊಂಡಳು." ಹೂ ಹಿಡಿದುಕೊಂಡು ಎದ್ದವರು ಬಾಗಿಲಲ್ಲಿ ನಿಂತು ಹೇಳಿದರು: "ನೀವು ಆಗಾಗ ಬರ್ತಾ ಇರಿ ಮಾರಾಯ್ರೆ. ಅಣ್ಣ ಬಾರದಿದ್ದರೆ ಅವಳಿಗೂ ಆಗ್ತದಾ?"